ಎಣ್ಣೆ ಪೇಟೆಯೂ ನಮ್ಮ ಹಟ್ಟಿಯೂ
(ತಳಕಿನಲ್ಲಿ ಹಾಸ್ಟೆಲ್ ಗೆಳೆಯರ ಮುಂದೆ ಆಡಿದ ಮಾತು)



ತಳಕು ಅಂದ್ರೆ ಓದಿದವರು ವೆಂಕಣ್ಣಯ್ಯ, ತರಾಸು ಅಂತಾರೆ. ಸಂತೋಷ. ನಮ್ಮ ಹಟ್ಟಿಗಳಿಗೆ ಮಾತ್ರ ಪೇಟೆ ಅಂದ್ರೆ ಕೂಲಿಗೆ ಬಸ್ಸು ಹತ್ತಿ ಹೋಗೋ ಚಳ್ಳಕೆರೆ. ಮಳೆ ಕಾಣದ ಸೀಮೆಯ ಶೇಂಗಾ ಅರೆದು 'ಎಣ್ಣೆ ನಗರಿ' ಅನ್ನಿಸಿಕೊಂಡ ಸಣ್ಣ ಶ್ರೀಮಂತ ಪೇಟೆ. ಆ ಸಿರಿಯ ವಾಸನೆ ನಮಗೂ ಗೊತ್ತು. ಹಮಾಲಿ ಮಾಡಿದ ಅಪ್ಪಂದಿರ ಅಂಗಿಯಲ್ಲಿ ಹಿಂಡಿಯ ಕಮಟು, ಕಾಳು ಆರಿಸಿದ ಅವ್ವಂದಿರ ಸೀರೆಯಲ್ಲಿ ಹೊಟ್ಟಿನ ಧೂಳು. ಮನೆಯ ಒಗ್ಗರಣೆಗೆ ಮಾತ್ರ ಎಣ್ಣೆ ಹನಿ ಲೆಕ್ಕ.

ಬೆಂಗಳೂರಲ್ಲಾದ್ರೆ ಜನದ ನಡುವೆ ಮರೆಯಾಗಬಹುದು. ಸಣ್ಣ ಪೇಟೆಯಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಬಾಡಿಗೆ ರೂಮು ಕೇಳಿದ್ರೆ "ಯಾವೂರು?" ಅಂತಾರೆ, ಆಮೇಲೆ "ಯಾರ ಪೈಕಿ?" ಅಂತಾರೆ. ಅಷ್ಟರಲ್ಲಿ ರೂಮು ಯಾರಿಗೋ ಕೊಟ್ಟಾಗಿರ್ತದೆ. ತಿಂಗಳಾದ್ರೂ ಬೀಗ ಹಾಗೇ ಇರ್ತದೆ!

1994ರಲ್ಲಿ ಸರ್ಕಾರ ಪಾಮೋಲಿನ್ ಆಮದಿಗೆ ಬಾಗಿಲು ತೆರೀತು. ಅದರ ಅಗ್ಗದ ಮುಂದೆ ಶೇಂಗಾ ಎಣ್ಣೆ ಸೋತಿತು. ಎಷ್ಟೋ ಗಿರಣಿ ನಿಂತವು. ಧಣಿಗಳಿಗೆ ಬೇರೆ ವ್ಯಾಪಾರ ಸಿಕ್ಕಿತು. ಹಮಾಲನ ಬೆನ್ನಿಗೆ?

ಈಗ ಕುದಾಪುರದ ಕಾವಲಿಗೆ ಡಿಆರ್‌ಡಿಒ, ಐಐಎಸ್ಸಿ ಬಂದಿವೆ. ದನ, ಕುರಿ ಮೇಯ್ತಿದ್ದ ನೆಲ ಅದು. ಹಾಸ್ಟೆಲ್‌ನಲ್ಲಿ ವಿಜ್ಞಾನ ಓದ್ತಿರೋ ತಮ್ಮಂದಿರೇ, ತಂಗಿಯರೇ, ಆ ಕಾಂಪೌಂಡಿನೊಳಕ್ಕೆ ನಾವು ಯಾವ ಕೆಲಸಕ್ಕೆ ಹೋಗ್ತೀವಿ: ಗೋಡೆ ಕಟ್ಟೋಕೋ, ಪ್ರಯೋಗ ಮಾಡೋಕೋ?