ಹಂದಿಮರಿಯ ಹೊಟ್ಟೆಯೂ ನಮ್ಮ ಓದೂ
(ಅಗಡಿಯಲ್ಲಿ ವಿದ್ಯಾರ್ಥಿ ಗೆಳೆಯರ ಮುಂದೆ ಆಡಿದ ಮಾತು)



ಹಂದಿ ಎಂದ ಕೂಡಲೆ ಕೆಲವರು ನಕ್ಕಿರಿ, ಕೆಲವರು ತಲೆ ತಗ್ಗಿಸಿದಿರಿ. ತಲೆ ತಗ್ಗಿಸಿದವರಿಗೇ ನಾವು ಈ ಮಾತು ಹೇಳಬೇಕಾಗಿದೆ. ನಮ್ಮ ಕೊರಮ, ಕೊರಚ ಬಂಧುಗಳ ಮನೆಯಲ್ಲಿ ಹಂದಿ ಅಂದ್ರ ಮಕ್ಕಳ ಫೀಸು, ಸಾಲ ತೀರಿಸೋ ದುಡ್ಡು. ಅದನ್ನ ಹೊಲಸು ಅಂತ ಊರು ಕರೀತು. ಹಾಸ್ಟೆಲಿಗೆ ಬಂದ ಮೇಲೆ ನಾವೂ ಹಂಗೇ ಕರೆದರೆ ನಮ್ಮ ಓದು ಯಾರ ಕಡೆಗೆ?

ಒಂದು ಸೂಲಿಗೆ ಎಂಟು ಹತ್ತು ಮರಿ. ಹಾಲು ಬಿಡಿಸಿದ ವಾರದಾಗ ಭೇದಿ ಹತ್ತಿ ಸಾಯ್ತಾವ. ‘ದೃಷ್ಟಿ ಆತು’ ಅಂತಾರ ಹಿರಿಯರು. ದೃಷ್ಟಿ ಅಲ್ಲ, ಕಾರಣ ಹೊಟ್ಟಿಯೊಳಗ ಐತಿ. ಎಳೆಮರಿಯ ಹೊಟ್ಟೆಯಲ್ಲಿ ಆಮ್ಲ ಕಡಿಮೆ. ತಾಯಿಹಾಲಿನ ಸಕ್ಕರೆಯನ್ನು ಒಳ್ಳೆಯ ಜೀವಾಣುಗಳು ಹುಳಿ ಮಾಡಿ ಆ ಕೊರತೆ ತುಂಬುತ್ತವೆ. ಹಾಲು ತಪ್ಪಿದ ದಿನ ಆ ಹುಳಿಯೂ ತಪ್ತದ. ಅರಗದ ಕಾಳು ಕರುಳಿಗಿಳಿದು ಇ. ಕೋಲೈ ರೋಗಾಣುವಿಗೆ ಊಟ ಆಗ್ತದ.

ದೊಡ್ಡ ಫಾರಂಗಳು ಇದಕ್ಕೆ ಮೇವಿನಲ್ಲೇ ಆಂಟಿಬಯೋಟಿಕ್ ಬೆರೆಸಿದವು. ರೋಗಾಣು ಔಷಧಕ್ಕೆ ಬಗ್ಗದಂತಾದವು. ಬೆಳವಣಿಗೆಗೆಂದು ಹೀಗೆ ಬೆರೆಸುವುದನ್ನು ಯುರೋಪು 2006ರಲ್ಲಿ ನಿಲ್ಲಿಸಿತು. ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಕೊಡುವುದನ್ನು ನಮ್ಮ ದೇಶ 2019ರಲ್ಲಿ ನಿಷೇಧಿಸಿತು. ಯಾಕಂದ್ರ, ಬೇರೇನೂ ನಾಟದಾಗ ಮನುಷ್ಯರಿಗೆ ಉಳಿಯೋ ಕೊನೆಯ ಔಷಧಗಳಲ್ಲಿ ಅದೂ ಒಂದು. ಕಂಡ ಕಂಡ ಪುಡಿ ತಂದು ಸುರಿಯೋ ಮುಂಚೆ ಇದು ಗೊತ್ತಿರಲಿ.

ಈಗ ಜೀವಾಣು, ಯೀಸ್ಟು, ಆಮ್ಲಗಳ ಪುಡಿ ಬಂದಾವ. ಕೆಟ್ಟವೇನಲ್ಲ. ಆದರೆ ಮೊದಲು ಮಾಡಬೇಕಾದ್ದು ಬೇರೆ.

ಒಂದು, ಗಿಣ್ಣದ ಹಾಲು. ಹಂದಿಮರಿ ರೋಗ ತಡೆಯುವ ಶಕ್ತಿ ಹೊತ್ತು ಹುಟ್ಟೋದಿಲ್ಲ, ಆ ಹಾಲಿನಿಂದಲೇ ಪಡೀಬೇಕು. ಒಂದು ದಿನ ಕಳೆದರೆ ಕರುಳು ಅದನ್ನು ಹೀರದು.

ಎರಡು, ಕಬ್ಬಿಣ. ದಿನಕ್ಕೆ ಸುಮಾರು 7 ಮಿಲಿಗ್ರಾಂ ಬೇಕು. ಹಾಲಿನಲ್ಲಿ ಸಿಗೋದು ಸುಮಾರು 1. ಮಣ್ಣು ಕೆದರುವ ಮರಿಗೆ ಮಣ್ಣು ಕೊಡ್ತದ. ಸಿಮೆಂಟಿನ ಮೇಲಿನ ಮರಿಗೆ ಮೊದಲ ವಾರವೇ ಪಶುವೈದ್ಯರಿಂದ ಸೂಜಿ ಹಾಕಿಸಬೇಕು.

ಮೂರು, ತಾಯಿ ಹತ್ತಿರ ಇರುವಾಗಲೇ ನುಣ್ಣಗೆ ಬೀಸಿದ ಗೋವಿನಜೋಳ, ಹುರಿದ ಸೋಯಾ ಸ್ವಲ್ಪ ಸ್ವಲ್ಪ ತಿನ್ನಿಸಿ ರೂಢಿ ಮಾಡಬೇಕು. ಮಜ್ಜಿಗೆಯಲ್ಲಿ ಕಲಸಿದರೆ ತಪ್ಪಿದ ಹುಳಿ ಸ್ವಲ್ಪ ಮರಳ್ತದ.

ನಾಲ್ಕು, ಬೂಷ್ಟು ಹಿಡಿದ ಗೋವಿನಜೋಳ ‘ಹಂದಿಗೆ ಸಾಕು’ ಅನ್ನಬ್ಯಾಡ್ರಿ, ಅದರ ವಿಷ ಯಕೃತ್ತು ಕೆಡಿಸ್ತದ. ಹೋಟೆಲಿನ ಮುಸುರೆ ಕುದಿಸದೆ ಹಾಕಬ್ಯಾಡ್ರಿ. 2020ರಲ್ಲಿ ಭಾರತದಲ್ಲಿ ಕಾಣಿಸಿದ ಆಫ್ರಿಕನ್ ಹಂದಿಜ್ವರ ಅದರಿಂದಲೂ ಹರಡ್ತದ.

ಬ್ಯಾಡಗಿ ಮೆಣಸಿನಕಾಯಿ ನಮ್ಮ ಪಕ್ಕದ್ದು. ಮೆಣಸಿನ ಸತ್ವವನ್ನು ಕಿಲೋ ಮೇವಿಗೆ 10 ಮಿಲಿಗ್ರಾಂ ಬೆರೆಸಿದಾಗ ಮರಿಗಳ ಭೇದಿ ಕಡಿಮೆಯಾದದ್ದನ್ನು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು ಕಂಡಿದ್ದಾರೆ. ಹಂಗಂತ ಖಾರಪುಡಿ ಸುರೀಬ್ಯಾಡ್ರಿ! ಅಳತೆಯೇ ವಿಜ್ಞಾನ.

ರಾಷ್ಟ್ರೀಯ ಜಾನುವಾರು ಮಿಷನ್ 2021ರಲ್ಲಿ ಹಂದಿ ಸಾಕಣೆಗೆ 30 ಲಕ್ಷದವರೆಗೆ ಸಹಾಯಧನ ಇಟ್ಟಿತು. ಅಳತೆ ಏನು? 100 ಹೆಣ್ಣು, 10 ಗಂಡು. ಮೂರು ಹಂದಿ ಕಟ್ಟಿಕೊಂಡ ಅವ್ವ ಎಲ್ಲಿ ಹೋಗಬೇಕು? ರಾಣೆಬೆನ್ನೂರು ತಾಲ್ಲೂಕಿನ ಹನುಮನಮಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಐತಿ, ಪಶು ಆಸ್ಪತ್ರೆಗಳೂ ಅದಾವ. ಆ ಅವ್ವನ ಜೊತೆ ನೀವು ಹೋಗ್ರಿ. ಆಕಳಿಗೆ ಕೊಡೋ ಔಷಧ, ಸಲಹೆ ಹಂದಿಗೂ ಕೊಡ್ರಿ ಅಂತ ಅರ್ಜಿ ಬರೀರಿ. ರಜಾಕ್ಕೆ ಊರಿಗೆ ಹೋದಾಗ ಈ ನಾಲ್ಕು ಮಾತು ಕೇರಿಯಲ್ಲಿ ಓದಿ ಹೇಳ್ರಿ.