ಮುಟ್ಟಿನ ಬಟ್ಟಲು



ಇವತ್ತಿನ ಮಾತು ಮುಟ್ಟಿನ ಬಗ್ಗೆ. ಯಾಕೆ, ಎಲ್ಲರೂ ತಲೆ ತಗ್ಗಿಸಿದಿರಿ? ಈ ಒಂದು ಮಾತು ಆಡುವುದಕ್ಕೆ ನಾವು ಎಷ್ಟು ಸುತ್ತು ಬಳಸುತ್ತೇವೆ ನೋಡಿ. ಹೊರಗಾದೆ ಅಂತೀವಿ. ರಜ ಅಂತೀವಿ. ದೂರ ಕೂತಿದ್ದಾಳೆ ಅಂತೀವಿ. ಮಕ್ಕಳು ಕೇಳಿದರೆ ಕಾಗೆ ಮುಟ್ಟಿತು ಅಂತೀವಿ. ಈಗಿನ ಹುಡುಗಿಯರು ಡೇಟ್ ಅಂತಾರೆ. ಬೋರ್ಡಿನ ಮೇಲೆ ಬರೆದಿದ್ದೇನೆ, ಓದಿ. ಮು. ಟ್ಟು. ಮುಟ್ಟು. ಎರಡೇ ಅಕ್ಷರ. ಒಂದಕ್ಕೆ ಒತ್ತು ಇದೆ, ಅಷ್ಟೆ.

ಮುಟ್ಟಿನ ರಕ್ತ ಕೆಟ್ಟ ರಕ್ತ ಅಲ್ಲ. ಗರ್ಭಕೋಶ ಪ್ರತಿ ತಿಂಗಳೂ ಮಗುವಿಗಾಗಿ ಒಳಗೆ ಒಂದು ಮೆತ್ತನೆಯ ಪದರ ಹಾಸುತ್ತದೆ. ಮಗು ನಿಲ್ಲದಿದ್ದರೆ ಆ ಪದರ ರಕ್ತದ ಜೊತೆ ಹೊರಗೆ ಬರುತ್ತದೆ. ಎಷ್ಟು ರಕ್ತ ಹೋಗುತ್ತದೆ, ಹೇಳಿ ನೋಡೋಣ? ಒಂದು ಚೊಂಬು ಅಂತೀರಾ? ಇಲ್ಲ. ಹೋಟೆಲಿನಲ್ಲಿ ಬೈಟು ಕಾಫಿ ಕೊಡುತ್ತಾರಲ್ಲ, ಆ ಪುಟ್ಟ ಲೋಟದಷ್ಟು. ಅದೂ ನಾಲ್ಕೈದು ದಿನ ಎಲ್ಲ ಸೇರಿ. ಬಟ್ಟೆಗೆ ಹರಡಿದಾಗ ಜಾಸ್ತಿ ಕಾಣುತ್ತದೆ. ಅಳತೆಯಲ್ಲಿ 80 ಮಿಲಿ ಲೀಟರಿಗಿಂತ ಹೆಚ್ಚಾದರೆ ಅದು ವಿಪರೀತ ಸ್ರಾವ. ಡಾಕ್ಟರಿಗೆ ತೋರಿಸಬೇಕು.

ಇಷ್ಟೇ ಇಷ್ಟು ರಕ್ತಕ್ಕೆ ನಾವು ಪಡುವ ಪಾಡು ಎಷ್ಟು!

ಬನಶಂಕರಿಯಿಂದ ಬೆಳಿಗ್ಗೆ ಆರಕ್ಕೇ ಹೊರಟು ಜಯನಗರದಲ್ಲಿ ನಾಲ್ಕು ಮನೆ ಕೆಲಸ ಮಾಡುವವರು ಇಲ್ಲಿ ಇದ್ದೀರಿ. ನಾಲ್ಕು ಮನೆಯ ಪಾಯಿಖಾನೆ ತೊಳೆಯುತ್ತೀರಿ. ಆದರೆ ಅದನ್ನು ಬಳಸಲು ಎಷ್ಟು ಮನೆಯವರು ಬಿಡುತ್ತಾರೆ? ಬಿ.ಟಿ.ಎಂ. ಲೇಔಟಿನಿಂದ ಹೊಸೂರು ರಸ್ತೆಯ ಗಾರ್ಮೆಂಟ್ಸಿಗೆ ಹೋಗುವವರೂ ಇದ್ದೀರಿ. ಮಷೀನು ಬಿಟ್ಟು ಎದ್ದರೆ ಸೂಪರ್‌ವೈಜರ್ ಗಡಿಯಾರ ನೋಡುತ್ತಾನೆ. ಅದಕ್ಕೇ ನೀರೇ ಕುಡಿಯುವುದಿಲ್ಲ. ಒಂದೇ ಬಟ್ಟೆ, ಒಂದೇ ಪ್ಯಾಡು, ಹತ್ತು ಗಂಟೆ. ತೊಡೆ ಉಜ್ಜಿ ಹುಣ್ಣಾಗುತ್ತದೆ. ಉರಿ, ತುರಿಕೆ. ಯಾರಿಗೂ ಹೇಳುವುದಿಲ್ಲ.

ಬಟ್ಟೆ ಬಳಸುವುದು ತಪ್ಪಲ್ಲ. ಶುದ್ಧ ಹತ್ತಿ ಬಟ್ಟೆ, ಚೆನ್ನಾಗಿ ತೊಳೆದು ಬಿಸಿಲಲ್ಲಿ ಒಣಗಿಸಿದರೆ ಬಹಳ ಒಳ್ಳೆಯದು. ಆದರೆ ಒಂದೇ ಕೋಣೆಯ ಮನೆ. ಬಿಸಿಲು ಎಲ್ಲಿ? ಮಾವ, ಮೈದುನ ಎಲ್ಲ ಅಲ್ಲೇ. ಸೀರೆಯ ಕೆಳಗೆ ಮುಚ್ಚಿ ಒಣಹಾಕುತ್ತೀರಿ. ಅದು ಒಣಗುವುದೇ ಇಲ್ಲ. ಒದ್ದೆ ಬಟ್ಟೆಯಲ್ಲಿ ಬೂಷ್ಟು, ಕ್ರಿಮಿ.

ಪ್ಯಾಡ್ ತಗೊಂಡರೆ ದುಡ್ಡು. ಲೆಕ್ಕ ಹಾಕೋಣ, ಪುಸ್ತಕ ತೆಗೆಯಿರಿ. ದಿನಕ್ಕೆ 3 ಪ್ಯಾಡ್. 5 ದಿನಕ್ಕೆ 15. ಒಂದಕ್ಕೆ 6 ರೂಪಾಯಿ ಎಂದುಕೊಳ್ಳಿ. ತಿಂಗಳಿಗೆ 90. ವರ್ಷಕ್ಕೆ 1080 ರೂಪಾಯಿ. ಮನೆಯಲ್ಲಿ ದೊಡ್ಡ ಮಗಳಿದ್ದರೆ ಅದರ ಎರಡರಷ್ಟು. ಜನೌಷಧಿ ಅಂಗಡಿಗಳಲ್ಲಿ 2019ರಿಂದ 1 ರೂಪಾಯಿಗೆ ಒಂದು ಪ್ಯಾಡ್ ಮಾರಲು ಶುರು ಮಾಡಿದರು. ಸಿಕ್ಕಿದರೆ ಅದು ಅಗ್ಗ. ಆದರೆ ಬಳಸಿದ ಮೇಲೆ ಅದನ್ನು ಎಲ್ಲಿ ಹಾಕುತ್ತೀರಿ? ಪ್ಯಾಡಿನಲ್ಲಿ ಪ್ಲಾಸ್ಟಿಕ್ ಇರುತ್ತದೆ, ಮಣ್ಣಲ್ಲಿ ಕರಗುವುದಿಲ್ಲ. ಪಾಯಿಖಾನೆಗೆ ಹಾಕಿದರೆ ಪೈಪು ಕಟ್ಟುತ್ತದೆ. ಕಸದ ಜೊತೆ ಹಾಗೇ ಹಾಕಿದರೆ, ಬೆಳಿಗ್ಗೆ ಅದನ್ನು ಕೈಯಲ್ಲಿ ಬೇರೆ ಮಾಡುವವಳೂ ನಮ್ಮಂಥ ಹೆಣ್ಣೇ. ನಿಮ್ಮಲ್ಲಿ ಕೆಲವರು ಆ ಕೆಲಸ ಮಾಡಿದ್ದೀರಿ, ನಾನು ಹೇಳಬೇಕಾಗಿಲ್ಲ. ಪ್ಯಾಡ್ ಬಳಸುವವರು ಪೇಪರಿನಲ್ಲಿ ಬಿಗಿಯಾಗಿ ಸುತ್ತಿ, ಮೇಲೆ ಕೆಂಪು ಗುರುತು ಹಾಕಿ, ಬೇರೆಯಾಗಿ ಕೊಡಿ.

ಈಗ ಈ ಮೇಜಿನ ಮೇಲೆ ಇರುವುದನ್ನು ನೋಡಿ. ಪುಟ್ಟ ಗಂಟೆಯ ಹಾಗಿದೆ. ತಲೆಕೆಳಗು ಹಿಡಿದರೆ ಬಟ್ಟಲು. ಕೆಳಗೆ ಒಂದು ಪುಟ್ಟ ಬಾಲ. ಇದೇ ಮುಟ್ಟಿನ ಕಪ್. ಸಿಲಿಕೋನ್ ಎಂಬ ರಬ್ಬರಿನಂಥ ಮೆತ್ತನೆ ವಸ್ತುವಿನಿಂದ ಮಾಡಿದ್ದು. ಇದೇನೂ ನಿನ್ನೆ ಮೊನ್ನೆಯದಲ್ಲ. ಅಮೆರಿಕದಲ್ಲಿ ಲಿಯೋನಾ ಚಾಮರ್ಸ್ ಎಂಬ ನಟಿ 1937ರಲ್ಲೇ ರಬ್ಬರಿನ ಕಪ್ಪಿಗೆ ಹಕ್ಕುಪತ್ರ ಪಡೆದಿದ್ದಳು. ನಮ್ಮ ಪಕ್ಕದ ಕೇರಳದ ಆಲಪ್ಪುಳದಲ್ಲಿ 2019ರಲ್ಲಿ ಸುಮಾರು 5000 ಕಪ್ ಪುಕ್ಕಟೆ ಹಂಚಿದರು. ಆಮೇಲಿನ ವರ್ಷಗಳಲ್ಲಿ ನಮ್ಮ ಸರ್ಕಾರವೂ ದಕ್ಷಿಣ ಕನ್ನಡ, ಚಾಮರಾಜನಗರ ಜಿಲ್ಲೆಗಳ ಹುಡುಗಿಯರಿಗೆ 'ಮೈತ್ರಿ' ಎಂಬ ಹೆಸರಲ್ಲಿ ಕೊಟ್ಟು ನೋಡಿತು.

ಬಟ್ಟೆ, ಪ್ಯಾಡು ರಕ್ತವನ್ನು ಹೀರುತ್ತವೆ. ಕಪ್ ಹೀರುವುದಿಲ್ಲ, ಹಿಡಿದುಕೊಳ್ಳುತ್ತದೆ. ಅದನ್ನು ಮಡಚಿ ಯೋನಿಯ ಒಳಗೆ, ಅಂದರೆ ಮಗು ಬರುವ ದಾರಿಯ ಒಳಗೆ ಇಡಬೇಕು. ಒಳಗೆ ಹೋದ ಮೇಲೆ ಅದು ಬಿಚ್ಚಿಕೊಂಡು ನಿಲ್ಲುತ್ತದೆ. ರಕ್ತ ಬಟ್ಟಲಿಗೆ ಬೀಳುತ್ತದೆ.

ಒಳಗೆ ಹೋಗಿ ಹೊಟ್ಟೆ ಸೇರಿಬಿಟ್ಟರೆ? ಎಲ್ಲರೂ ಮೊದಲು ಕೇಳುವುದು ಇದೇ. ಸೇರುವುದಿಲ್ಲ. ಆ ದಾರಿಯ ಕೊನೆಯಲ್ಲಿ ಗರ್ಭಕೋಶದ ಬಾಯಿ ಇದೆ. ಅದರ ತೂತು ಬಹಳ ಸಣ್ಣದು. ಕಪ್ ಅದನ್ನು ದಾಟಲಾರದು. ಒಂದಕ್ಕೆ ಹೋಗುವುದು ಹೇಗೆ? ಮೂತ್ರದ ದಾರಿಯೇ ಬೇರೆ. ಕಪ್ ಇದ್ದರೂ ಹೋಗಬಹುದು. ನಮ್ಮ ಮೈಯಲ್ಲಿ ಎಷ್ಟು ದಾರಿ ಇದೆ ಎಂದು ನಮಗೇ ಯಾರೂ ಹೇಳಿಕೊಟ್ಟಿಲ್ಲ!

ಹಾಕುವ ಮೊದಲು ಸೋಪು ಹಚ್ಚಿ ಕೈ ತೊಳೆಯಿರಿ. ಉಗುರು ಕತ್ತರಿಸಿರಿ. ಕಪ್ಪಿನ ಬಾಯಿಯನ್ನು ಒತ್ತಿ, ಅರ್ಧಕ್ಕೆ ಮಡಚಿ. ನೀರಲ್ಲಿ ಒದ್ದೆ ಮಾಡಿದರೆ ಸಲೀಸು. ಕುಕ್ಕುರುಗಾಲಲ್ಲಿ ಕೂತುಕೊಳ್ಳಿ. ಇದು ನಮಗೆ ರೂಢಿ ಇದೆ, ಪುಣ್ಯ. ಮೈ ಸಡಿಲ ಬಿಡಿ. ನೇರ ಮೇಲಕ್ಕೆ ಅಲ್ಲ, ಬೆನ್ನಿನ ಕಡೆಗೆ ಓರೆಯಾಗಿ ತಳ್ಳಿ. ಬಿಚ್ಚಿಕೊಂಡಿದೆಯೇ ಎಂದು ಬುಡದ ಸುತ್ತ ಬೆರಳಾಡಿಸಿ ನೋಡಿ. ಸರಿಯಾಗಿ ಕೂತರೆ ಅದು ಇದೆ ಎಂದೇ ಗೊತ್ತಾಗುವುದಿಲ್ಲ. ಚುಚ್ಚಿದರೆ ಸರಿಯಾಗಿ ಕೂತಿಲ್ಲ. ತೆಗೆದು ಮತ್ತೆ ಹಾಕಿ.

ತೆಗೆಯುವಾಗ ಬಾಲ ಹಿಡಿದು ಜಗ್ಗಬೇಡಿ. ಕೆಳಮುಖವಾಗಿ ಸ್ವಲ್ಪ ಮುಕ್ಕಿರಿ. ಕಪ್ಪಿನ ಬುಡ ಕೈಗೆ ಸಿಕ್ಕಾಗ ಎರಡು ಬೆರಳಲ್ಲಿ ಹಿಸುಕಿ. ಒಳಗಿನ ಬಿಗಿ ಬಿಡುತ್ತದೆ. ಆಮೇಲೆ ಮೆಲ್ಲಗೆ ಎಳೆಯಿರಿ. ರಕ್ತ ಚೆಲ್ಲಿ, ನೀರಲ್ಲಿ ತೊಳೆದು, ಮತ್ತೆ ಹಾಕಿ. ವಾಸನೆಯ ಸೋಪು, ಡೆಟಾಲು ಹಾಕಬೇಡಿ, ಒಳಗೆ ಉರಿಯುತ್ತದೆ.

ಬಹಳಷ್ಟು ಕಪ್ಪುಗಳನ್ನು 8ರಿಂದ 12 ಗಂಟೆ ಇಡಬಹುದು. ಬೆಳಿಗ್ಗೆ ಮನೆಯಲ್ಲಿ, ಸಂಜೆ ಮನೆಯಲ್ಲಿ. ನಡುವೆ ಫ್ಯಾಕ್ಟರಿಯ ನೀರಿಲ್ಲದ ಪಾಯಿಖಾನೆ, ಯಜಮಾನಿಯ ಮುಖ, ಯಾವುದರ ಹಂಗೂ ಇಲ್ಲ. ನನಗೆ ಈ ಕಪ್ಪಿನಲ್ಲಿ ಬಹಳ ಹಿಡಿಸಿದ್ದು ಇದೇ. ಹೆಚ್ಚು ಹೋಗುವ ದಿನ ಮಾತ್ರ ಬೇಗ ತುಂಬೀತು. ನೀರು ಬಹಳ ಬೇಡ, ಒಂದು ಚೊಂಬು ಸಾಕು. 2024ರ ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾದದ್ದು ನೆನಪಿದೆಯಲ್ಲ? ಬಟ್ಟೆ ತೊಳೆಯುವ ನೀರಿಗೆ ಹೋಲಿಸಿದರೆ ಇದು ಏನೂ ಅಲ್ಲ.

ಮುಟ್ಟಿನ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ಕುದಿಸಬೇಕು. ಪಾತ್ರೆಯಲ್ಲಿ ಕಪ್ ಮುಳುಗುವಷ್ಟು ನೀರಿರಲಿ. ಕುದಿ ಬಂದ ಮೇಲೆ 5 ನಿಮಿಷ, ಪೆಟ್ಟಿಗೆಯಲ್ಲಿ ಹೆಚ್ಚು ಹೇಳಿದ್ದರೆ ಅಷ್ಟು. ಪಕ್ಕದಲ್ಲೇ ನಿಲ್ಲಿ, ನೀರು ಬತ್ತಿದರೆ ಕಪ್ ಸುಟ್ಟುಹೋಗುತ್ತದೆ. ಒಲೆಯ ಮೇಲೆ ಇದನ್ನಿಟ್ಟರೆ ಅತ್ತೆ ಏನಂತಾರೆ? ಅನ್ನುತ್ತಾರೆ. ಇದಕ್ಕೇ ಅಂತ ಒಂದು ಹಳೆಯ ಸ್ಟೀಲ್ ಪಾತ್ರೆ ಬೇರೆ ಇಡಿ. ಮಗುವಿನ ಹಾಲಿನ ಬಾಟಲಿ ಕುದಿಸುವುದಿಲ್ಲವೇ, ಹಾಗೇ ಇದು. ಒಣಗಿದ ಮೇಲೆ ಬಟ್ಟೆಯ ಚೀಲದಲ್ಲಿಡಿ. ಗಾಳಿ ಆಡಬೇಕು.

ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಮೆಡಿಕಲ್ ಗ್ರೇಡ್ ಸಿಲಿಕೋನ್ ಎಂದು ಇದೆಯೇ ನೋಡಿ. ಇಂಗ್ಲಿಷಿನಲ್ಲಿದ್ದರೆ ಮಗಳ ಕೈಲಿ ಓದಿಸಿ. ಕನ್ನಡದಲ್ಲೂ ಬರೆಯಲು ಇವರಿಗೆ ಏನು ಕಷ್ಟವೋ! ಸಣ್ಣದು, ದೊಡ್ಡದು ಎಂದು ಅಳತೆ ಇರುತ್ತದೆ. ಸಹಜ ಹೆರಿಗೆ ಆದವರಿಗೆ ಸಾಮಾನ್ಯವಾಗಿ ದೊಡ್ಡದು. ಮಕ್ಕಳಾಗದವರಿಗೆ, ಎಳೆ ಹುಡುಗಿಯರಿಗೆ ಸಣ್ಣದು. ಬೆಲೆ ಒಂದೊಂದಕ್ಕೆ ಒಂದೊಂದು ತರ ಇದೆ. ಜೋಪಾನ ಮಾಡಿದರೆ ಹಲವು ವರ್ಷ ಬರುತ್ತದೆ. ಹರಿದರೆ, ಅಂಟಂಟಾದರೆ ಬಿಸಾಡಿ. ಒಬ್ಬರದನ್ನು ಇನ್ನೊಬ್ಬರು ಬಳಸಬಾರದು. ತಾಯಿ ಮಗಳಾದರೂ ಬೇಡ.

ಎಲ್ಲರಿಗೂ ಕಪ್ ಆಗುತ್ತದೆ ಎಂದು ನಾನು ಹೇಳುವುದಿಲ್ಲ. ಕಾಪರ್ ಟಿ ಹಾಕಿಸಿಕೊಂಡವರು ಎಚ್ಚರ. ಕಪ್ ಎಳೆಯುವಾಗ ಅದೂ ಜಾರಿ ಬಂದ ಉದಾಹರಣೆಗಳಿವೆ. ಡಾಕ್ಟರನ್ನು ಕೇಳಿಯೇ ಬಳಸಿ. ಹೊಸದಾಗಿ ಹೆರಿಗೆ, ಗರ್ಭಪಾತ ಆದವರು, ಗರ್ಭಕೋಶ ಜಾರಿದವರು, ಬಿಳಿ ಸೆರಗು, ಉರಿ ಇರುವವರು ಮೊದಲು ತೋರಿಸಿಕೊಳ್ಳಿ. ಜಯನಗರದ ಸರ್ಕಾರಿ ಜನರಲ್ ಆಸ್ಪತ್ರೆ ನಮಗೆ ಹತ್ತಿರವೇ ಇದೆ. ಕಪ್ ಇಟ್ಟಾಗ ಜೋರು ಜ್ವರ, ವಾಂತಿ, ಭೇದಿ, ತಲೆಸುತ್ತು, ಮೈಮೇಲೆ ಕೆಂಪು ಗಂಧೆ ಬಂದರೆ ಕಪ್ ತೆಗೆದು ತಕ್ಷಣ ಆಸ್ಪತ್ರೆಗೆ ಓಡಿ. ಇದು ಬಹಳ ಅಪರೂಪ. ಆದರೂ ತಿಳಿದಿರಬೇಕು.

ಮದುವೆಯಾಗದ ಹುಡುಗಿಯರು ಬಳಸಬಹುದಾ ಎಂದು ಹಿಂದಿನಿಂದ ಒಬ್ಬರು ಪಿಸುಗುಟ್ಟಿದರು. ಬಳಸಬಹುದು. ಯೋನಿಯ ಬಾಯಲ್ಲಿ ಒಂದು ತೆಳುವಾದ ಪೊರೆ ಇರುತ್ತದೆ. ಅದು ಹಿಗ್ಗಬಹುದು, ಸ್ವಲ್ಪ ಹರಿಯಲೂಬಹುದು. ಹುಡುಗಿಯ ನಡತೆಗೂ ಆ ಪೊರೆಗೂ ಸಂಬಂಧವಿಲ್ಲ. ಆದರೆ ಅವಳಿಗೆ ಮನಸ್ಸಿಲ್ಲದಿದ್ದರೆ ಬಲವಂತ ಬೇಡ. ಅವಳ ಮೈ, ಅವಳ ತೀರ್ಮಾನ.

2019ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯ ಪತ್ರಿಕೆಯವರು ಬೇರೆ ಬೇರೆ ದೇಶಗಳ 43 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ವರದಿ ಪ್ರಕಟಿಸಿದರು. ಅದರಲ್ಲಿ ಸುಮಾರು 3300 ಹೆಂಗಸರು, ಹುಡುಗಿಯರು ಇದ್ದರು. ಬಳಸಿ ನೋಡಿದವರಲ್ಲಿ ಹತ್ತಕ್ಕೆ ಏಳು ಜನ ಮುಂದೆಯೂ ಬಳಸುತ್ತೇವೆ ಅಂದರು. ಮೂವರು ಬೇಡ ಅಂದರು. ಆ ಮೂವರೂ ದಡ್ಡರಲ್ಲ. ರೂಢಿಯಾಗಲು ಎರಡು ಮೂರು ತಿಂಗಳು ಬೇಕು. ಮೊದಲ ಸಲ ಭಾನುವಾರ, ಮನೆಯಲ್ಲಿ ಇರುವಾಗ ಹಾಕಿ ನೋಡಿ. ಸೋರಿದರೆ ಇರಲಿ ಅಂತ ಜೊತೆಗೆ ಒಂದು ಬಟ್ಟೆಯನ್ನೂ ಇಟ್ಟುಕೊಳ್ಳಿ.

ನನ್ನ ಮಾತು ಮುಗಿಯಿತು. ಈ ಕಪ್ ಹೊಸದು, ಯಾರೂ ಬಳಸಿದ್ದಲ್ಲ. ಸಾಲಾಗಿ ಕೈಯಿಂದ ಕೈಗೆ ಕೊಡಿ. ಮಡಚಿ ನೋಡಿ, ಹಿಸುಕಿ ನೋಡಿ. ಆಮೇಲೆ ಪ್ರಶ್ನೆ ಕೇಳಿ.