ದೋಣಿ ಕಟ್ಟುವ ಜಾಗಕ್ಕೆ ಏರುತ್ತಿರುವ ಬೆಲೆ

(ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳ ಗ್ರಾಮ ಪಂಚಾಯತಿ ಸದಸ್ಯರ ಮುಂದೆ ಮಲ್ಲಾಪುರದಲ್ಲಿ ನೀಡಿದ ಉಪನ್ಯಾಸದ ಪಠ್ಯ. ಸದಸ್ಯರ ಅವಗಾಹನೆಗಾಗಿ ಪ್ರಕಟಿಸಲಾಗಿದೆ.)



ಕದ್ರಾ ಅಣೆಕಟ್ಟಿನ ಕೆಳಗಿರುವ, ಕಡಲಿನ ಅಲೆಯೇ ಕಾಣದ ಮಲ್ಲಾಪುರದಲ್ಲಿ ನಿಂತು ಬಂದರಿನಲ್ಲಿ ದೋಣಿ ಕಟ್ಟುವ ಖರ್ಚಿನ ಬಗ್ಗೆ ಮಾತನಾಡುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಬೈತಖೋಲ ಬಂದರು ಕಾರವಾರ ನಗರಕ್ಕೆ ಸೇರಿದ್ದು. ಅದರ ದರಪಟ್ಟಿಯನ್ನು ಯಾವ ಗ್ರಾಮ ಪಂಚಾಯತಿಯೂ ಬರೆಯುವುದಿಲ್ಲ. ಆದರೆ ಅಲ್ಲಿ ದೋಣಿ ಕಟ್ಟುವ ಮಾಲಿಕ, ಅದನ್ನು ನಡೆಸುವ ತಾಂಡೇಲ, ಬಲೆ ಎಳೆಯುವ ಖಲಾಸಿ, ಬುಟ್ಟಿ ಹೊತ್ತು ಮೀನು ಮಾರುವ ಮಹಿಳೆ, ಇವರೆಲ್ಲರೂ ಮಾಜಾಳಿ, ಚಿತ್ತಾಕುಲಾ, ಅಮದಳ್ಳಿ, ಅವರ್ಸಾ, ಬೇಲೇಕೇರಿಗಳಂಥ ಹಳ್ಳಿಗಳ ನಿವಾಸಿಗಳು. ಬಂದರಿನಲ್ಲಿ ಹೆಚ್ಚಿದ ಪ್ರತಿಯೊಂದು ರೂಪಾಯಿಯೂ ಕೊನೆಗೆ ನಿಮ್ಮ ವಾರ್ಡಿನ ಯಾವುದೋ ಮನೆಯ ಲೆಕ್ಕಕ್ಕೆ ಬಂದು ಬೀಳುತ್ತದೆ. ನದಿದಡದ ಪಂಚಾಯತಿಗಳಿಗೂ ಈ ವಿಷಯ ಸಂಬಂಧಿಸಿದ್ದು ಹೇಗೆ ಎಂಬುದನ್ನು ಮುಂದೆ ಅರಿಕೆ ಮಾಡುತ್ತೇನೆ.

ಮೀನುಗಾರನ ಮಟ್ಟಿಗೆ, ದೋಣಿ ನಿಲ್ಲಿಸಲು ಹಣ ಕೊಡುವುದು ನಮ್ಮ ಕರಾವಳಿಯಲ್ಲಿ ಬಹಳ ಹಳೆಯ ಪದ್ಧತಿಯಲ್ಲ. ರಂಪಣಿ ಬಲೆಯ ಕಾಲವನ್ನು ಕಂಡ ಹಿರಿಯರು ಈ ಸಭೆಯಲ್ಲಿಯೂ ಇದ್ದಾರೆ. ಊರಿನ ಹತ್ತಾರು ಜನ ಸೇರಿ ದಡದಿಂದಲೇ ಬಲೆ ಎಳೆಯುತ್ತಿದ್ದರು. ಕೆಲಸ ಮುಗಿದ ಮೇಲೆ ದೋಣಿಯನ್ನು ಮರಳಿನ ಮೇಲೆ ಎಳೆದು ತೆಂಗಿನ ಮರದ ನೆರಳಿಗೆ ತಳ್ಳಿಬಿಡುತ್ತಿದ್ದರು. ಅದಕ್ಕೆ ದಕ್ಕೆಯೂ ಬೇಡ, ರಸೀದಿಯೂ ಬೇಡ. 1970ರ ದಶಕದ ಉತ್ತರಾರ್ಧದಲ್ಲಿ ಪರ್ಸಿನ್ ಬಲೆ ಬಂದಿತು. ಅದಕ್ಕಿಂತ ಮೊದಲೇ ಟ್ರಾಲ್ ದೋಣಿಗಳು ಬರತೊಡಗಿದ್ದವು. ಎಂಜಿನ್ ಹೊತ್ತ ದೋಣಿಯನ್ನು ಮರಳಿಗೆ ಎಳೆಯಲಾಗದು. ಅದಕ್ಕೆ ಆಳವಾದ ನೀರು ಬೇಕು, ಡೀಸೆಲ್ ಬಂಕ್ ಬೇಕು, ಮಂಜುಗಡ್ಡೆ ಬೇಕು, ಲಾರಿ ಬಂದು ನಿಲ್ಲುವ ರಸ್ತೆ ಬೇಕು. ಹೀಗೆ, ಮೈಲಿಗಟ್ಟಲೆ ಹರಡಿದ್ದ ದಡ ಮಾಡುತ್ತಿದ್ದ ಕೆಲಸವು ಕೆಲವು ನೂರು ಮೀಟರ್ ಉದ್ದದ ಕಾಂಕ್ರೀಟ್ ಗೋಡೆಯ ಪಾಲಿಗೆ ಬಂದಿತು. ಜಾಗದ ಅಭಾವ ಆರಂಭವಾದದ್ದು ಅಲ್ಲಿಂದ.

ಕಾರವಾರ ಮತ್ತು ಅಂಕೋಲಾಗಳಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಸೇರಿತು. 1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಶಂಕುಸ್ಥಾಪನೆಯಾಯಿತು. 2005ರಲ್ಲಿ ಐಎನ್‌ಎಸ್ ಕದಂಬ ಕಾರ್ಯಾರಂಭ ಮಾಡಿತು. ಬಿಣಗಾ, ಅರ್ಗಾ ಕಡೆಯ ಕಡಲತೀರ ರಕ್ಷಣಾ ಕ್ಷೇತ್ರದೊಳಗೆ ಸೇರಿಹೋಯಿತು. ದೇಶದ ರಕ್ಷಣೆಗೆ ನೆಲೆ ಬೇಕೆಂಬುದರಲ್ಲಿ ಎರಡು ಮಾತಿಲ್ಲ. ಮನೆ ಮಠ ಬಿಟ್ಟುಕೊಟ್ಟ ಜನರೇ ಅದನ್ನು ಒಪ್ಪಿದ್ದಾರೆ. ನಾನು ಹೇಳುತ್ತಿರುವುದು ದಡದ ಉದ್ದದ ಲೆಕ್ಕ ಮಾತ್ರ. ದಡ ಕಡಿಮೆಯಾಯಿತು, ದೋಣಿ ದೊಡ್ಡದಾಯಿತು, ಉಳಿದ ಬಂದರುಗಳಲ್ಲಿ ದಟ್ಟಣೆ ಹೆಚ್ಚಿತು. 2020ರ ಜನವರಿಯಲ್ಲಿ ಕಾರವಾರದ ವಾಣಿಜ್ಯ ಬಂದರಿನ ವಿಸ್ತರಣೆಯ ವಿರುದ್ಧ ಮೀನುಗಾರರು ಬೀದಿಗಿಳಿದಾಗ ಹಲವರು ಅದನ್ನು ಕೇವಲ ಕಡಲತೀರದ ಸೌಂದರ್ಯದ ಪ್ರಶ್ನೆಯೆಂದು ತಿಳಿದರು. ಉಳಿದಿರುವ ದಡವೂ ಹೋದರೆ ದೋಣಿ ಎಲ್ಲಿ ಕಟ್ಟುವುದು ಎಂಬ ಪ್ರಶ್ನೆಯೂ ಅದರಲ್ಲಿತ್ತು.

ಈಗ ವೆಚ್ಚದ ವಿಷಯ. ನಿಲುಗಡೆಯ ವೆಚ್ಚವೆಂದರೆ ರಸೀದಿಯಲ್ಲಿ ನಮೂದಾದ ಮೊತ್ತವೊಂದೇ ಎಂದು ತಿಳಿದರೆ ತಪ್ಪಾಗುತ್ತದೆ. ಮಲ್ಪೆಯಲ್ಲಾಗಲಿ, ಮಂಗಳೂರಿನ ದಕ್ಕೆಯಲ್ಲಾಗಲಿ, ಬೈತಖೋಲದಲ್ಲಾಗಲಿ ರಜೆಯ ಕಾಲದಲ್ಲಿ ಒಮ್ಮೆ ಹೋಗಿ ನೋಡಿ. ದಕ್ಕೆಗೆ ತಾಗಿ ಒಂದು ದೋಣಿ, ಅದಕ್ಕೆ ಕಟ್ಟಿದ ಇನ್ನೊಂದು, ಅದಕ್ಕೆ ಮತ್ತೊಂದು. ಹೊರಸಾಲಿನ ದೋಣಿಯವನು ನೆಲ ಮುಟ್ಟಬೇಕಾದರೆ ನಾಲ್ಕಾರು ದೋಣಿಗಳನ್ನು ದಾಟಬೇಕು. ಅಲೆ ಎದ್ದಾಗ ಒಂದಕ್ಕೊಂದು ಬಡಿದು ಹಲಗೆ ಸೀಳುತ್ತದೆ, ಫೈಬರ್ ಬಿರುಕು ಬಿಡುತ್ತದೆ. ನಡುವೆ ನೇತುಹಾಕುವ ಹಳೆಯ ಟೈರುಗಳಿಗೂ ಈಗ ದುಡ್ಡು ಕೊಡಬೇಕು. ಹಗ್ಗ ಒಂದು ಮಳೆಗಾಲಕ್ಕೇ ಸವೆಯುತ್ತದೆ. ರಾತ್ರಿ ಬ್ಯಾಟರಿ, ಬಲೆ, ಡೀಸೆಲ್ ಕಳವಾಗದಂತೆ ಕಾವಲಿಗೊಬ್ಬರನ್ನು ಇಡಬೇಕು. ಮೀನು ಹೊತ್ತು ಬಂದ ದೋಣಿಗೆ ಇಳಿಸುವ ಸರದಿ ಸಿಗಲು ತಡವಾದರೆ, ಆ ಹೊತ್ತಿನಲ್ಲಿ ಕರಗುವ ಮಂಜುಗಡ್ಡೆಯೂ ಇಳಿಯುವ ಮೀನಿನ ದರವೂ ನಿಲುಗಡೆಯ ವೆಚ್ಚವೇ. ಇವುಗಳಲ್ಲಿ ಒಂದೂ ದರಪಟ್ಟಿಯಲ್ಲಿ ಇರುವುದಿಲ್ಲ.

ಇದರ ಜೊತೆಗೆ ಹೂಳು. ಹುಣ್ಣಿಮೆ, ಅಮಾವಾಸ್ಯೆಗಳ ಸುಮಾರಿಗೆ ನಮ್ಮ ಕರಾವಳಿಯಲ್ಲಿ ಉಬ್ಬರಕ್ಕೂ ಇಳಿತಕ್ಕೂ ಎರಡು ಮೀಟರಿನಷ್ಟು ಅಂತರವಿರುತ್ತದೆ. ಹೂಳು ತುಂಬಿದ ಬಂದರಿನಲ್ಲಿ ಇಳಿತದ ಹೊತ್ತಿಗೆ ಅರ್ಧದಷ್ಟು ಜಾಗ ಕೆಸರಾಗಿಬಿಡಬಹುದು. ನಕ್ಷೆಯಲ್ಲಿ ಜಾಗವಿದೆ, ದೋಣಿಗೆ ಇಲ್ಲ. ಆಗ ಆಳವಾದ ಮೂಲೆಗಾಗಿ ಪೈಪೋಟಿ ಹುಟ್ಟುತ್ತದೆ; ದರ ಏರಿಸಬೇಕೆಂಬ ವಾದಕ್ಕೂ ಬಲ ಬರುತ್ತದೆ. ದರ ಏರಿಸಿದ ಮಾತ್ರಕ್ಕೆ ಒಂದು ಅಡಿ ನೀರೂ ಹೆಚ್ಚುವುದಿಲ್ಲ. ಆ ಹಣ ಹೂಳೆತ್ತುವ ಯಂತ್ರಕ್ಕೆ ಹೋಗಿದೆಯೇ ಎಂದು ಕೇಳುವ ಹಕ್ಕು ಕೊಟ್ಟವನಿಗೆ ಇದೆ. ಆ ಪ್ರಶ್ನೆಯನ್ನು ಒಬ್ಬ ದೋಣಿಮಾಲಿಕ ಕೇಳಿದರೆ ಅದು ಗೊಣಗಾಟ. ಪಂಚಾಯತಿ ಲಿಖಿತವಾಗಿ ಕೇಳಿದರೆ ಅದಕ್ಕೆ ಉತ್ತರ ಬರೆಯಬೇಕಾಗುತ್ತದೆ.

ಇನ್ನೊಂದು ಚಿಕ್ಕ ಲೆಕ್ಕವನ್ನು ತಮ್ಮ ಮುಂದಿಡುತ್ತೇನೆ. ನಮ್ಮ ರಾಜ್ಯದಲ್ಲಿ ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಮೀನುಗಾರಿಕೆ ನಿಷೇಧ. ಮೀನಿನ ಸಂತಾನೋತ್ಪತ್ತಿಗೆ ಅದು ಅಗತ್ಯ. ಅದರ ಬಗ್ಗೆ ತಕರಾರಿಲ್ಲ. ಆದರೆ 61 ದಿನವೆಂದರೆ ವರ್ಷದ ಆರನೆಯ ಒಂದು ಪಾಲು. ವಾರ್ಷಿಕ ಶುಲ್ಕ ಕಟ್ಟುವವನು ಪ್ರತಿ ಆರು ರೂಪಾಯಿಯಲ್ಲಿ ಒಂದನ್ನು, ಕಡಲಿಗೆ ಹೋಗಬಾರದೆಂದು ಕಾನೂನೇ ತಡೆದ ದಿನಗಳಿಗಾಗಿ ಕೊಡುತ್ತಾನೆ. ಚಂಡಮಾರುತದ ಮುನ್ನೆಚ್ಚರಿಕೆಯ ದಿನಗಳನ್ನೂ, ಮತ್ಸ್ಯಕ್ಷಾಮ ಬಂದು ಡೀಸೆಲ್ ಖರ್ಚೂ ಹುಟ್ಟದೆ ದೋಣಿ ಲಂಗರು ಹಾಕಿ ನಿಂತ ವಾರಗಳನ್ನೂ ಸೇರಿಸಿದರೆ ಆ ಪಾಲು ಇನ್ನೂ ದೊಡ್ಡದಾಗುತ್ತದೆ. ನಿಷೇಧದ ಅವಧಿಗೆ ನಿಲುಗಡೆ ಶುಲ್ಕದಲ್ಲಿ ರಿಯಾಯಿತಿ ಕೇಳುವುದು ಭಿಕ್ಷೆಯಲ್ಲ, ಸರಳ ಗಣಿತ.

ಬಿರುಗಾಳಿಯ ಪ್ರಸ್ತಾಪ ಬಂದದ್ದರಿಂದ ಒಂದು ಮಾತು. ಬೈತಖೋಲ ಎಂಬ ಹೆಸರು ಅರಬ್ಬಿಯಿಂದ ಬಂದದ್ದು, ಸುರಕ್ಷಿತ ಕೊಲ್ಲಿ ಎಂಬುದು ಅದರ ಅರ್ಥ ಎಂಬ ವಿವರಣೆ ರೂಢಿಯಲ್ಲಿದೆ. ಗುಡ್ಡ ಮತ್ತು ದ್ವೀಪಗಳ ಮರೆಯಲ್ಲಿರುವ ಈ ಕೊಲ್ಲಿಗೆ ಆ ಹೆಸರು ಒಪ್ಪುತ್ತದೆ. 2019ರ ಅಕ್ಟೋಬರಿನಲ್ಲಿ ಕ್ಯಾರ್ ಚಂಡಮಾರುತ ಎದ್ದಾಗ ಹೊರರಾಜ್ಯಗಳ ದೋಣಿಗಳೂ ಇಲ್ಲಿಯೇ ಬಂದು ಆಸರೆ ಪಡೆದವು. ಆ ದಿನ ಯಾರ ದೋಣಿ, ಯಾವ ರಾಜ್ಯದ್ದು ಎಂದು ನಮ್ಮವರು ಕೇಳಲಿಲ್ಲ. ಕಾನೂನೂ ಇದನ್ನು ಬಹುಕಾಲದಿಂದ ಬಲ್ಲದು. 1908ರ ಭಾರತೀಯ ಬಂದರುಗಳ ಅಧಿನಿಯಮದಲ್ಲಿ, ಬಂದರು ಬಿಟ್ಟು ಹೊರಟ ನೌಕೆಯೊಂದು ಹವಾಮಾನದ ವೈಪರೀತ್ಯದಿಂದಲೋ ಹಾನಿಗೊಳಗಾಗಿಯೋ ಮರಳಿ ಬಂದರೆ ಅದರಿಂದ ಬಂದರು ಶುಲ್ಕ ವಸೂಲು ಮಾಡಬಾರದೆಂಬ ನಿಯಮವಿತ್ತು. (ಅದೇ ಪಟ್ಟಿಯಲ್ಲಿ ವಿಹಾರನೌಕೆಗಳಿಗೂ ವಿನಾಯಿತಿ ಇತ್ತು. 1908ರಲ್ಲಿ ವಿಹಾರನೌಕೆ ಯಾರ ಬಳಿ ಇರುತ್ತಿತ್ತು ಎಂಬುದನ್ನು ತಾವೇ ಊಹಿಸಬಹುದು.) 2025ರಲ್ಲಿ ಸಂಸತ್ತು ಹೊಸ ಬಂದರು ಅಧಿನಿಯಮವನ್ನು ಅಂಗೀಕರಿಸಿದೆ, ನಮ್ಮ ರಾಜ್ಯದಲ್ಲಿ 2015ರ ಅಧಿನಿಯಮದಡಿ ಜಲಸಾರಿಗೆ ಮಂಡಳಿಯೂ ರಚನೆಯಾಗಿದೆ. ನಿಯಮಗಳು ಹೊಸದಾಗಿ ಬರೆಯಲ್ಪಡುವ ಇಂಥ ಕಾಲದಲ್ಲಿಯೇ ಆಸರೆಗೆ ಬಂದ ದೋಣಿಗೆ ಶುಲ್ಕವಿಲ್ಲ ಎಂಬ ಹಳೆಯ ಮಾತನ್ನು ನೆನಪಿಸಬೇಕು.

ವಿಹಾರನೌಕೆಯ ವಿಷಯ ಕೇವಲ ತಮಾಷೆಯದಲ್ಲ. ಮೆಡಿಟರೇನಿಯನ್ ಸಮುದ್ರದ ಪ್ರವಾಸಿ ಬಂದರುಗಳಲ್ಲಿ ನೌಕೆಯ ಉದ್ದವನ್ನು ಅಳೆದು, ಒಂದು ರಾತ್ರಿಗೆ ಇಷ್ಟೆಂದು ಹಣ ಪಡೆಯುತ್ತಾರೆ. ಪ್ರವಾಸದ ತಿಂಗಳುಗಳಲ್ಲಿ ದರ ಏರುತ್ತದೆ. ಜೋಡಿ ಒಡಲಿನ ನೌಕೆ ಹೆಚ್ಚು ಅಗಲ ಹಿಡಿಯುತ್ತದೆಂದು ಅದಕ್ಕೆ ಇನ್ನಷ್ಟು. ಮೋಜಿಗೆ ಬಂದವನು ಅದನ್ನು ತೆರಬಲ್ಲ. ಅದೇ ಗೋಡೆಗೆ ದೋಣಿ ಕಟ್ಟಬೇಕಾದ ಮೀನುಗಾರ ತೆರಲಾರ. ನಮ್ಮಲ್ಲಿಯೂ ದೇವಬಾಗ, ಕೂರ್ಮಗಡ, ಕಾಳಿ ನದಿಯ ಕಡೆಗೆ ಪ್ರವಾಸಿಗರು ಬರುತ್ತಿದ್ದಾರೆ. ಬರಲಿ, ಅದರಿಂದ ಊರಿನ ಯುವಕರಿಗೆ ಕೆಲಸವಿದೆ. ಆದರೆ ಪ್ರವಾಸಿ ದೋಣಿಗೆಂದು ನಿಗದಿಯಾದ ದರವನ್ನು ಒಂದು ದಿನ ಪಾತಿದೋಣಿಯವನಿಂದಲೂ ಕೇಳುವ ಸ್ಥಿತಿ ಬರಬಾರದು. ವಸೂಲಿಯನ್ನು ಹರಾಜಿನ ಮೂಲಕ ಗುತ್ತಿಗೆಗೆ ಕೊಡುವಲ್ಲಿ ಈ ಅಪಾಯ ಹೆಚ್ಚು: ಗುತ್ತಿಗೆದಾರನಿಗೆ ಹರಾಜಿನ ಮೊತ್ತ ಹುಟ್ಟಬೇಕು, ಅವನ ಕಣ್ಣಿಗೆ ಎಲ್ಲ ದೋಣಿಗಳೂ ಒಂದೇ.

ಇಲ್ಲಿ ನದಿದಡದ ಪಂಚಾಯತಿಗಳ ವಿಷಯಕ್ಕೆ ಬರುತ್ತೇನೆ. ಮಲ್ಲಾಪುರ, ಕಿನ್ನರ, ಹಣಕೋಣದಂಥ ಊರುಗಳಲ್ಲಿ ಬಂದರಿಲ್ಲ, ದೋಣಿಯಿದೆ. ಮರದ ಬೇರಿಗೋ ಗೂಟಕ್ಕೋ ಕಟ್ಟಿದ ದೋಣಿ. 2019ರ ಆಗಸ್ಟ್‌ನಲ್ಲಿ ಮತ್ತು 2021ರ ಜುಲೈಯಲ್ಲಿ ಕದ್ರಾದಿಂದ ನೀರು ಬಿಟ್ಟಾಗ ಈ ದಡ ಏನಾಯಿತೆಂದು ತಮಗೆ ನಾನು ಹೇಳಬೇಕಾಗಿಲ್ಲ. ಪ್ರವಾಹದಲ್ಲಿ ಮೊದಲು ಹೋಗುವುದು ಸರಿಯಾಗಿ ಕಟ್ಟಲು ಜಾಗವಿಲ್ಲದ ದೋಣಿ. ಮೊದಲು ಬೇಕಾಗುವುದೂ ದೋಣಿಯೇ. 2024ರ ಆಗಸ್ಟ್ 7ರ ನಡುರಾತ್ರಿಯ ಬಳಿಕ ಕಾಳಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನದಿಗೆ ಬಿದ್ದಾಗ ಅದರ ಚಾಲಕನನ್ನು ಉಳಿಸುವಲ್ಲಿ ನೆರವಾದವರು ಸ್ಥಳೀಯ ಮೀನುಗಾರರು. ದಡದಲ್ಲಿ ದೋಣಿಗೆ ನೆಲೆಯಿದ್ದರೆ ಮಾತ್ರ ಇಂಥ ನೆರವು ಹೊತ್ತಿಗೆ ಒದಗುತ್ತದೆ. ಆದ್ದರಿಂದ ನದಿದಡದಲ್ಲಿ ಎತ್ತರದ ಮಟ್ಟದಲ್ಲಿ ಗಟ್ಟಿಯಾದ ಗೂಟಗಳು, ದೋಣಿ ಎಳೆದು ಹಾಕಲು ಒಂದು ಇಳಿಜಾರು, ಒಂದು ದೀಪ, ಇಷ್ಟನ್ನು ಖರ್ಚೆಂದು ಕಾಣದೆ ವಿಪತ್ತು ನಿರ್ವಹಣೆಯ ಸಿದ್ಧತೆಯೆಂದೇ ಕಾಣಬೇಕು.

ಅಧಿಕಾರದ ಪ್ರಶ್ನೆ ಸಹಜವಾಗಿ ಏಳುತ್ತದೆ. ಸಂವಿಧಾನದ ಹನ್ನೊಂದನೆಯ ಅನುಸೂಚಿಯಲ್ಲಿ ಪಂಚಾಯತಿಗಳಿಗೆ ವಹಿಸಬಹುದಾದ 29 ವಿಷಯಗಳಿವೆ. ಐದನೆಯದು ಮೀನುಗಾರಿಕೆ, ಹದಿಮೂರನೆಯದರಲ್ಲಿ ರಸ್ತೆ, ಸೇತುವೆಗಳ ಜೊತೆಗೆ ತಾರಿ ಮತ್ತು ಜಲಮಾರ್ಗಗಳೂ ಸೇರಿವೆ. ಬೈತಖೋಲದ ದರ ನಮ್ಮ ಕೈಯಲ್ಲಿಲ್ಲ. ಹಳ್ಳಿಯ ದಡದ ಸ್ಥಿತಿ ಮಾತ್ರ ನಮ್ಮ ಕಾಳಜಿಯಿಂದ ಹೊರಗುಳಿದದ್ದಲ್ಲ. ನಮ್ಮ ಪಂಚಾಯತ್ ರಾಜ್ ಅಧಿನಿಯಮದ 199ನೇ ಪ್ರಕರಣವನ್ನು ಓದಿದವರಿಗೆ ಒಂದು ಸಂಗತಿ ನೆನಪಿರಬಹುದು: ಬಸ್ಸು, ಟ್ಯಾಕ್ಸಿ, ಆಟೋ ನಿಲ್ದಾಣಗಳಿಗೆ ಶುಲ್ಕ ವಿಧಿಸಬಹುದು, ಆದರೆ ಪ್ರಯಾಣಿಕರಿಗೆ ಸಾಕಷ್ಟು ಸೌಕರ್ಯ ಒದಗಿಸಿದ್ದರೆ. ಈ ಷರತ್ತನ್ನು ಬರೆದವರು ದೋಣಿಯನ್ನು ಯೋಚಿಸಿರಲಿಕ್ಕಿಲ್ಲ. ಆದರೂ ದೋಣಿಯ ವಿಷಯದಲ್ಲಿ ಇದಕ್ಕಿಂತ ಉತ್ತಮವಾದ ಅಳತೆಗೋಲು ನನಗೆ ಕಂಡಿಲ್ಲ. ದೀಪ, ನೀರು, ಆಳ, ಕಾವಲು ಕೊಟ್ಟಲ್ಲಿ ಶುಲ್ಕ ಕೇಳಲಿ; ದೋಣಿಯವರು ಸಂತೋಷದಿಂದ ಕೊಡುತ್ತಾರೆ. ಬರಿಯ ನೀರಿನ ಮೇಲೆ ತೇಲಿದ್ದಕ್ಕೆ ಹಣ ಕೇಳುವುದು ನ್ಯಾಯವಲ್ಲ. ನಮ್ಮದೇ ಪಂಚಾಯತಿಯೊಂದು ಪ್ರವಾಸಿ ದೋಣಿಗಳಿಗೆ ಶುಲ್ಕ ವಿಧಿಸುವ ಯೋಚನೆ ಮಾಡಿದರೂ ಇದೇ ಮಾತು ಅನ್ವಯಿಸುತ್ತದೆ. ಅದಕ್ಕೆ ಮೊದಲು ಅಭಿವೃದ್ಧಿ ಅಧಿಕಾರಿಗಳ ಮೂಲಕ ಕಾನೂನಿನ ಅಭಿಪ್ರಾಯ ಪಡೆಯತಕ್ಕದ್ದು. ಉಬ್ಬರವಿಳಿತದ ಪ್ರಭಾವವಿರುವ ದಡದಲ್ಲಿ ಯಾವುದೇ ಕಾಮಗಾರಿಗೆ ಕರಾವಳಿ ನಿಯಂತ್ರಣ ವಲಯದ ಅನುಮತಿ ಬೇಕಾಗುತ್ತದೆಂಬುದನ್ನೂ ಮರೆಯುವಂತಿಲ್ಲ. ಇದನ್ನು ಮರೆತು ಆರಂಭಿಸಿ ಅರ್ಧಕ್ಕೆ ನಿಂತ ಕಟ್ಟೆಗಳು ದೋಣಿಗೆ ಆಸರೆಗಿಂತ ಅಡ್ಡಿಯೇ ಹೆಚ್ಚು.

ಇಷ್ಟೆಲ್ಲ ಹೇಳಿದರೂ ನಮ್ಮ ಕೈಯಲ್ಲಿ ಸರಿಯಾದ ಲೆಕ್ಕವಿಲ್ಲದಿದ್ದರೆ ಯಾವ ಇಲಾಖೆಯೂ ಕಿವಿಗೊಡುವುದಿಲ್ಲ. ನಮ್ಮ ಗ್ರಾಮದಲ್ಲಿ ಎಷ್ಟು ದೋಣಿಗಳಿವೆ, ಅವುಗಳಲ್ಲಿ ಎಂಜಿನ್ ಇರುವುದು ಎಷ್ಟಕ್ಕೆ, ಯಾವುದು ಎಲ್ಲಿ ನಿಲ್ಲುತ್ತದೆ, ಮಳೆಗಾಲದಲ್ಲಿ ಎಲ್ಲಿಗೆ ಹೋಗುತ್ತದೆ, ವರ್ಷಕ್ಕೆ ಎಷ್ಟು ಶುಲ್ಕ ಕಟ್ಟುತ್ತದೆ, ರಸೀದಿ ಸಿಗುತ್ತದೆಯೇ, ಹಿಂದೆ ದೋಣಿ ಎಳೆಯುತ್ತಿದ್ದ ಯಾವ ದಡಕ್ಕೆ ಈಗ ದಾರಿಯೇ ಇಲ್ಲವಾಗಿದೆ: ಇದು ಒಂದು ಸಾಮಾನ್ಯ ನೋಟುಬುಕ್ಕಿನಲ್ಲಿ ಹಿಡಿಯುವ ಮಾಹಿತಿ. ಕೊನೆಯ ಪ್ರಶ್ನೆಯನ್ನು ಅವಶ್ಯವಾಗಿ ಹಿರಿಯ ಮಹಿಳೆಯರಲ್ಲಿ ಕೇಳಿ. ಮೀನು ಹೊತ್ತು ನಡೆದ ದಾರಿ ಅವರಿಗೆ ನೆನಪಿರುವಷ್ಟು ಯಾವ ನಕ್ಷೆಗೂ ಇಲ್ಲ. ಜೂನ್ 1ರೊಳಗೆ, ದೋಣಿಗಳೆಲ್ಲ ದಡ ಸೇರುವ ಮುನ್ನ, ವಾರ್ಡ್ ಸಭೆಗಳಲ್ಲಿ ಈ ಪಟ್ಟಿಯನ್ನು ಓದಿ, ತಪ್ಪಿದ್ದರೆ ತಿದ್ದಿಸಿ, ನಿಷೇಧದ ಅವಧಿಯ ರಿಯಾಯಿತಿಯ ಬೇಡಿಕೆಯೊಂದಿಗೆ ಗ್ರಾಮಸಭೆಯಲ್ಲಿ ಠರಾವು ಮಾಡಿ ಮೀನುಗಾರಿಕೆ ಇಲಾಖೆಗೂ ಬಂದರು ಅಧಿಕಾರಿಗಳಿಗೂ ಕಳುಹಿಸಬೇಕೆಂದು, ಅದರ ಒಂದು ಪ್ರತಿಯನ್ನು ತಾಲ್ಲೂಕು ಪಂಚಾಯತಿಗೂ ಸಲ್ಲಿಸಬೇಕೆಂದು ಸದಸ್ಯರಲ್ಲಿ ವಿನಂತಿಸುತ್ತೇನೆ.